ರಾತ್ರಿ ಎರಡಕ್ಕೆ ಡಾಕ್ಟರ್ ಎಲ್ಲಿರುತ್ತಾರೆ? ನರ್ಸಿಂಗ್ ಮುಗಿಸಿ ಕೆಲಸ ಹುಡುಕುವವರಿಗೆ

ಕೆಲಸ ಕೇಳೋಕೆ ಹೋದ ಕಡೆ ಎಲ್ಲರೂ ಮೊದಲು ಸಂಬಳ ಕೇಳುತ್ತಾರೆ. ಕೇಳಿ, ತಪ್ಪಿಲ್ಲ. ಅದರ ಜೊತೆಗೆ ಇನ್ನೊಂದು ಮಾತು ಕೇಳಿ: “ರಾತ್ರಿ ಎರಡು ಗಂಟೆಗೆ ಡಾಕ್ಟರ್ ಎಲ್ಲಿರುತ್ತಾರೆ?”

ಪಕ್ಕದ ರೂಮಲ್ಲಾ, ಮೇಲಿನ ಮಹಡಿಯಲ್ಲಾ, ಫೋನಿನಲ್ಲಾ, ತಾಲ್ಲೂಕು ಊರಲ್ಲಾ? ಆ ಉತ್ತರ ಸಿಕ್ಕರೆ ನಿಮ್ಮ ಕೆಲಸ ಏನು ಅನ್ನೋದು ಅರ್ಧ ಗೊತ್ತಾದ ಹಾಗೆ. ಖಾಸಗಿಯಲ್ಲಿ ಸ್ಟಾಫ್ ನರ್ಸ್ ಅಂತಾರೆ, ಸರಕಾರಿ ಕಡೆ ಈಗ ಶುಶ್ರೂಷಣಾಧಿಕಾರಿ ಅಂತಾರೆ. ಹೆಸರು ಏನೇ ಇರಲಿ, ಡಾಕ್ಟರ್ ಹತ್ತು ಹೆಜ್ಜೆ ದೂರ ಇದ್ದಾಗ ಮಾಡುವ ಕೆಲಸ ಬೇರೆ, ಹದಿನೆಂಟು ಕಿಲೋಮೀಟರ್ ದೂರ ಇದ್ದಾಗ ಮಾಡುವ ಕೆಲಸ ಬೇರೆ.

ನಾನು ಮುಂಡರಗಿ ತಾಲ್ಲೂಕಿನವಳು. ಹುಬ್ಬಳ್ಳಿಯಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದೆ. ಇಪ್ಪತ್ತೆರಡು ವರ್ಷದಲ್ಲಿ ನರ್ಸಿಂಗ್ ಹೋಮ್, ಐಸಿಯು, ನಡುವೆ ಒಂದೂವರೆ ವರ್ಷ ಮನೆಗಳಿಗೆ ಹೋಗಿ ಆರೈಕೆ, ಆಮೇಲೆ ಹಾವೇರಿ ಜಿಲ್ಲೆಯಲ್ಲಿ ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ. ತಂಗಿಯ ಮಗಳು ಈ ವರ್ಷ ಬಿ.ಎಸ್ಸಿ ನರ್ಸಿಂಗ್ ಮುಗಿಸಿದಳು. “ದೊಡ್ಡವ್ವಾ, ನಾ ಎಲ್ಲಿ ಸೇರ್ಲಿ?” ಅಂತ ದಿನಾ ಫೋನ್. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಾನು ನಿಂತು ಕೆಲಸ ಮಾಡಿದ ಕಡೆಯ ಬಗ್ಗೆ ಜಾಸ್ತಿ ಇದೆ, ಉಳಿದದ್ದು ಕಡಿಮೆ.

ನರ್ಸಿಂಗ್ ಹೋಮ್: ಡಾಕ್ಟರ್ ಫೋನಿನಲ್ಲಿ

ಹುಬ್ಬಳ್ಳಿಯಲ್ಲಿ ಹೊಸಬರಿಗೆ ಬೇಗ ಬಾಗಿಲು ತೆರೆಯುವುದು ಇಲ್ಲೇ. ಇಪ್ಪತ್ತು, ಮೂವತ್ತು ಬೆಡ್. ಡಾಕ್ಟರ್ ಬೆಳಿಗ್ಗೆ ಒಂದು ರೌಂಡ್, ಸಂಜೆ ಒಂದು ರೌಂಡ್ ಬರುತ್ತಾರೆ. ನಡುವೆ ನೀವೇ ಎಲ್ಲ. ಸಲೈನ್ ಹಚ್ಚುವುದು, ಹೆರಿಗೆಗೆ ನಿಲ್ಲುವುದು, ಡ್ರೆಸ್ಸಿಂಗ್, ಕೆಲವು ಕಡೆ ಬಿಲ್ ಬರೆಯುವುದೂ ನಿಮ್ಮ ತಲೆಗೇ. ಆರು ತಿಂಗಳಲ್ಲಿ ಕೈ ಪಳಗುತ್ತದೆ. ಕೆಟ್ಟ ರೂಢಿಯೂ ಅಷ್ಟೇ ಬೇಗ ಹತ್ತುತ್ತದೆ.

ಇಲ್ಲಿ ನೀವು ಕಲಿಯಲೇಬೇಕಾದ ವಿದ್ಯೆ ಎಂದರೆ ಫೋನಿನಲ್ಲಿ ಮಾತಾಡುವುದು. ನಗಬೇಡಿ. “ಸರ್, ಪೇಷಂಟ್ ಸೀರಿಯಸ್ ಅದಾರ, ಲಗೂನ ಬರ್ರಿ” ಅಂದರೆ ನಿದ್ದೆಗಣ್ಣಿನ ಡಾಕ್ಟರ್‌ಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ: “ಸರ್, 4ನೇ ಬೆಡ್. 52 ವರ್ಷ. ಮಧ್ಯಾಹ್ನ ಹರ್ನಿಯಾ ಆಪರೇಷನ್ ಆದವರು. ಹತ್ತು ಗಂಟೆಗೆ ಬಿಪಿ 120/80 ಇತ್ತು, ಈಗ 90/60. ನಾಡಿ 124. ಡ್ರೆಸ್ಸಿಂಗ್ ಒದ್ದೆಯಾಗಿದೆ. ನೀವು ಬಂದು ನೋಡಬೇಕು.” ಯಾರು, ಏನಾಗಿದೆ, ಮೊದಲು ಹೇಗಿತ್ತು, ಈಗ ಹೇಗಿದೆ, ನಿಮಗೇನು ಬೇಕು. ಫೋನ್ ಮಾಡುವ ಮುಂಚೆ ಬಿಪಿ, ನಾಡಿ, ಉಸಿರು, ಆಕ್ಸಿಜನ್, ಶುಗರ್ ನೋಡಿ ಕೈಯಲ್ಲಿ ಬರೆದುಕೊಂಡಿರಿ.

ಅವರು ಹೇಳಿದ ಆರ್ಡರ್ ಅನ್ನು ತಿರುಗಿ ಹೇಳಿ. ಇದನ್ನು ನಾನು ಕಲಿತದ್ದು ಹೆದರಿಕೊಂಡು. ಎರಡನೇ ವರ್ಷ, ರಾತ್ರಿ ಡ್ಯೂಟಿ, ಶುಗರ್ ಜಾಸ್ತಿಯಾದ ಅಜ್ಜ. ಫೋನಿನಲ್ಲಿ ಇನ್ಸುಲಿನ್ “ಫಿಫ್ಟಿ” ಅಂತ ಕೇಳಿಸಿತು. ಎಳೆಯಲು ಹೋದೆ. ನಮ್ಮ ಇನ್ಸುಲಿನ್ ಸಿರಿಂಜ್ ಪೂರ್ತಿ ತುಂಬಿದರೂ 40 ಯೂನಿಟ್. ಇನ್ನೊಂದು ಸಿರಿಂಜ್ ಬೇಕಲ್ಲ ಅಂತ ಡ್ರಾಯರಿಗೆ ಕೈ ಹಾಕಿದವಳು ಅಲ್ಲೇ ನಿಂತೆ. ಮತ್ತೆ ಫೋನ್ ಮಾಡಿದೆ. ಅವರು ಹೇಳಿದ್ದು “ಫಿಫ್ಟೀನ್”. ಬೈದರು, ಬೈಸಿಕೊಂಡೆ. ಆ ಅಜ್ಜನನ್ನು ಉಳಿಸಿದ್ದು ನನ್ನ ಬುದ್ಧಿಯಲ್ಲ, ಸಿರಿಂಜಿನ ಅಳತೆ. ಅವತ್ತಿನಿಂದ “ಒನ್ ಫೈವ್, ಹದಿನೈದು ಯೂನಿಟ್, ಸರಿನಾ ಸರ್?” ಅಂತ ಎರಡು ಭಾಷೆಯಲ್ಲಿ ಕೇಳುತ್ತೇನೆ. ಟೈಮ್ ಹಾಕಿ ಬರೆಯುತ್ತೇನೆ. ಬೆಳಿಗ್ಗೆ ರೌಂಡಿಗೆ ಬಂದಾಗ ಸಹಿ ಮಾಡಿಸಿಕೊಳ್ಳುತ್ತೇನೆ. ಸಹಿಗೆ ಮುಖ ಸಿಂಡರಿಸುವ ಡಾಕ್ಟರ್ ಇರುವ ಕಡೆ ಜಾಸ್ತಿ ದಿನ ಇರಬೇಡಿ.

ದೊಡ್ಡ ಆಸ್ಪತ್ರೆಯ ವಾರ್ಡು

ಹುಬ್ಬಳ್ಳಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕಿಮ್ಸ್‌ಗೆ ಈಗ ಹೆಸರು ಬದಲಾಗಿದೆ, ಆದರೆ ವಿದ್ಯಾನಗರದಲ್ಲಿ ಆಟೋ ಹತ್ತಿದರೆ ಇವತ್ತಿಗೂ ಕಿಮ್ಸ್ ಅಂತಲೇ ಹೇಳಬೇಕು. ಗದಗಿನಲ್ಲಿ ಜಿಮ್ಸ್, ಹಾವೇರಿಯಲ್ಲಿ ಹೊಸ ಮೆಡಿಕಲ್ ಕಾಲೇಜು, ಸತ್ತೂರಿನಲ್ಲಿ ಎಸ್‌ಡಿಎಂ. ಇಂಥ ಕಡೆ ಡಾಕ್ಟರ್ ದೂರ ಇಲ್ಲ. ಹೌಸ್ ಸರ್ಜನ್, ಪಿಜಿ, ಅಸಿಸ್ಟೆಂಟ್ ಪ್ರೊಫೆಸರ್, ಸಾಲು ಹಿಡಿದು ಬರುತ್ತಾರೆ. ಕಷ್ಟ ಬೇರೆ ಇದೆ. ಒಬ್ಬ ಪೇಷಂಟಿಗೆ ಮೂವರು ಡಾಕ್ಟರ್ ಮೂರು ಮಾತು ಹೇಳಿ ಹೋಗಿರುತ್ತಾರೆ. ಬೆಳಿಗ್ಗೆ ನಿಂತಿದ್ದ ಇಂಟರ್ನ್ ಸಂಜೆ ಬೇರೆ ಪೋಸ್ಟಿಂಗ್‌ಗೆ ಹೋಗಿರುತ್ತಾರೆ. ಪೇಷಂಟ್ ಬಗ್ಗೆ ಎಲ್ಲ ಗೊತ್ತಿರುವವರು ಅಂದರೆ ವಾರ್ಡ್ ಸಿಸ್ಟರ್ ಒಬ್ಬರೇ.

ಹಾಗಾಗಿ ಇಲ್ಲಿ ಹ್ಯಾಂಡ್‌ಓವರ್ ಗಟ್ಟಿ ಇರಬೇಕು. ನರ್ಸಿಂಗ್ ಸ್ಟೇಷನ್ನಲ್ಲಿ ಕೂತು ರಿಜಿಸ್ಟರ್ ಓದಿ ಒಪ್ಪಿಸಬೇಡಿ. ಬರುವವಳನ್ನು ಕರಕೊಂಡು ಬೆಡ್ಡಿನಿಂದ ಬೆಡ್ಡಿಗೆ ಹೋಗಿ. ಸಲೈನ್ ಎಷ್ಟು ಉಳಿದಿದೆ, ಕ್ಯಾನುಲಾ ಹಾಕಿದ ಜಾಗ ಊದಿದೆಯಾ, ಯೂರಿನ್ ಬ್ಯಾಗಿನಲ್ಲಿ ಎಷ್ಟಿದೆ, ಇಬ್ಬರೂ ಕಣ್ಣಲ್ಲಿ ನೋಡಿ. ಬಸ್ಸು ತಪ್ಪುತ್ತದೆ ಅಂತ ಅವಸರ ಮಾಡುವ ಸಹೋದ್ಯೋಗಿ ಎಲ್ಲ ಕಡೆ ಇರುತ್ತಾಳೆ. ನಾನೂ ಆಗಿದ್ದೆ.

ಐಸಿಯು: ಹತ್ತು ಹೆಜ್ಜೆ

ಡಾಕ್ಟರ್ ಅಲ್ಲೇ ಇರುತ್ತಾರೆ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು. ಅದು ಪಾಲನೆ ಆಗುತ್ತಾ ಅಂತ ಸೇರುವ ಮುಂಚೆ ವಿಚಾರಿಸಿ. ನಾಲ್ಕಕ್ಕೆ ಒಬ್ಬರು ಅಂದರೆ ಅದು ಗಾಜಿನ ಬಾಗಿಲು ಹಾಕಿದ ವಾರ್ಡು, ಐಸಿಯು ಅಲ್ಲ.

ಅಲಾರಾಂ ಹೊಡೆದಾಗ ಹೊಸಬರು ಮೊದಲು ಮಷೀನ್ ನೋಡುತ್ತಾರೆ, ಬಟನ್ ಒತ್ತಿ ಬಾಯಿ ಮುಚ್ಚಿಸುತ್ತಾರೆ. ಮೊದಲು ಪೇಷಂಟ್ ನೋಡಿ. ಎದೆ ಏರುತ್ತಿದೆಯಾ, ತುಟಿ ಬಣ್ಣ ಹೇಗಿದೆ, ಪೈಪ್ ಬಿಚ್ಚಿದೆಯಾ. ಆಮೇಲೆ ಮಷೀನ್. ತಲೆ ಕಡೆ 30 ಡಿಗ್ರಿ ಎತ್ತರ, ಬಾಯಿ ಸ್ವಚ್ಛ, ಎರಡು ತಾಸಿಗೊಮ್ಮೆ ಮಗ್ಗಲು ಬದಲು. ಕೇಳಿದರೆ ಆಯಾ ಕೆಲಸ ಅನಿಸುತ್ತದೆ, ಆದರೆ ನಿಮೋನಿಯಾ ತಡೆಯುವುದು, ಬೆನ್ನು ಹುಣ್ಣಾಗದ ಹಾಗೆ ನೋಡುವುದು ಇವೇ. ಪೊಟ್ಯಾಸಿಯಂ ಕ್ಲೋರೈಡ್ ಸೀಸೆಯನ್ನು ಬೇರೆ ಔಷಧಿಗಳ ಜೊತೆ ಇಡಬೇಡಿ. ಅದನ್ನು ನೇರ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಸೀಸೆ ನೋಡೋಕೆ ನೀರಿನ ಸೀಸೆ ಹಾಗೇ ಇರುತ್ತದೆ.

ಓದು ಮುಗಿಸಿ ನೇರ ಐಸಿಯುಗೆ ಹೋಗಬೇಡ ಅಂತ ತಂಗಿಯ ಮಗಳಿಗೆ ಹೇಳಿದ್ದೇನೆ. ಒಂದು ವರ್ಷ ಮೆಡಿಸಿನ್ ವಾರ್ಡ್ ಮಾಡಲಿ. ಎದ್ದು ಕೂತು ಮಾತಾಡುವ ರೋಗಿಯನ್ನು ನೋಡಿಕೊಂಡು ಗೊತ್ತಿದ್ದರೆ ಮಾತಾಡಲಾರದ ರೋಗಿ ಅರ್ಥವಾಗುತ್ತಾರೆ. ಇದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ, ಅವರಿಗೆ ಸಂಬಳವೂ ನನಗಿಂತ ಜಾಸ್ತಿ.

ಓಟಿ (ಆಪರೇಷನ್ ಥಿಯೇಟರ್) ಮತ್ತು ಡಯಾಲಿಸಿಸ್ ಬಗ್ಗೆ ಚಿಕ್ಕದಾಗಿ. ಓಟಿಯಲ್ಲಿ ನರ್ಸ್ ಅಂದರೆ ಲೆಕ್ಕ. ಮಾಪ್ (ರಕ್ತ ಒರೆಸುವ ಬಟ್ಟೆ), ಸೂಜಿ, ಕತ್ತರಿ ಎಲ್ಲ ಶುರುವಿಗೆ ಒಮ್ಮೆ, ಹೊಟ್ಟೆ ಮುಚ್ಚುವ ಮುಂಚೆ ಒಮ್ಮೆ, ಕೊನೆಗೆ ಒಮ್ಮೆ, ಇಬ್ಬರು ಬಾಯಿಬಿಟ್ಟು ಎಣಿಸಬೇಕು. ಲೆಕ್ಕ ಸರಿ ಬರದಿದ್ದರೆ “ಸರ್, ಮುಚ್ಚಬೇಡಿ” ಅನ್ನುವ ಎದೆಗಾರಿಕೆ ಬೇಕು. ಡಯಾಲಿಸಿಸ್‌ನಲ್ಲಿ ಅದೇ ಮುಖಗಳು ವಾರಕ್ಕೆ ಎರಡು ಮೂರು ಸಲ, ಸುಮಾರು ನಾಲ್ಕು ತಾಸು, ವರ್ಷಗಟ್ಟಲೆ. ಡಯಾಲಿಸಿಸ್‌ಗೆ ಅಂತ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಸೂಜಿ ಚುಚ್ಚಿ ರಕ್ತ ತೆಗೆಯಬಾರದು. ಬೆರಳಿಟ್ಟರೆ ಜುಂ ಅನ್ನಬೇಕು. ಅನ್ನದಿದ್ದರೆ ಆ ಕ್ಷಣವೇ ಡಾಕ್ಟರನ್ನು ಕರೆಯಿರಿ.

ಧಾರವಾಡಕ್ಕೆ ಕಳಿಸಬೇಕು ಅಂತಾರಲ್ಲ

ನಮ್ಮ ಕಡೆ ಯಾರಾದರೂ ತಲೆಹರಟೆ ಮಾಡಿದರೆ “ಇವನ್ನ ಧಾರವಾಡಕ್ಕ ಕಳಸ್ಬೇಕ್ ನೋಡು” ಅಂತ ಚೇಷ್ಟೆ. ಅಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಬಗ್ಗೆ ಆ ಮಾತು. ಓದುವಾಗ ಕೆಲವು ವಾರ ನಮ್ಮನ್ನು ಧಾರವಾಡದ ಆ ಆಸ್ಪತ್ರೆಗೆ ಹಾಕಿದ್ದರು. ಹೆದರಿಕೊಂಡು ಹೋದೆ. ಮೊದಲ ದಿನ ಒಬ್ಬ ತಾಯಿ ನನ್ನ ಜಡೆ ಬಿಚ್ಚಿ ಮತ್ತೆ ಚೆನ್ನಾಗಿ ಹೆಣೆದು ಕೊಟ್ಟರು. ಹೆದರಿಕೆ ಅಲ್ಲಿಗೆ ಹೋಯಿತು.

ಅಲ್ಲಿ ಮಷೀನ್ ಇಲ್ಲ, ನಿಮ್ಮ ಮಾತೇ ಉಪಕರಣ. ‘ಗೋಡೆ ಹಿಂದೆ ಯಾರೋ ಬೈತಾರೆ’ ಅಂದರೆ ‘ಹೌದು’ ಅನ್ನಬೇಡಿ, ‘ಸುಳ್ಳು’ ಅಂತ ವಾದಕ್ಕೂ ಇಳಿಯಬೇಡಿ. “ನಿಮಗೆ ಕೇಳಿಸ್ತಿದೆ, ಅದಕ್ಕೆ ಭಯ ಆಗ್ತಿದೆ ಅಲ್ವಾ?” ಅನ್ನಿ. ಮಾತ್ರೆ ಕೊಟ್ಟ ಮೇಲೆ ನುಂಗಿದ್ದಾರಾ, ದವಡೆಯಲ್ಲಿ ಇಟ್ಟುಕೊಂಡಿದ್ದಾರಾ ನೋಡಿ. ಬಾಗಿಲಿಗೆ ಅಡ್ಡ ಕೂರಬೇಡಿ, ಅವರಿಗೂ ನಿಮಗೂ ದಾರಿ ಇರಲಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪೂರ್ತಿ ನಿಷೇಧಿಸಿದೆ. ಊರಿನಲ್ಲಿ ಯಾರಾದರೂ ಕಟ್ಟಿಹಾಕಿದ್ದು ಕಂಡರೆ ಇದು ನೆನಪಿರಲಿ. ಮನಸ್ಸಿಗೆ ತಡೆಯಲಾರದಷ್ಟು ಕಷ್ಟ ಆದವರಿಗೆ ಟೆಲಿ ಮಾನಸ್ ನಂಬರ್ 14416 ಕೊಡಿ. ನರ್ಸುಗಳಿಗೂ ಅದೇ ನಂಬರ್.

ಪಿಎಚ್‌ಸಿ: ಹದಿನೆಂಟು ಕಿಲೋಮೀಟರ್

ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಪಿಎಚ್‌ಸಿ ಅಂತ ಲೆಕ್ಕ. ನನಗೆ ಸಿಕ್ಕಿದ್ದು ಹಾನಗಲ್ ಕಡೆ. ಡಾಕ್ಟರ್ ಹಗಲು ಇರುತ್ತಿದ್ದರು, ರಾತ್ರಿ ತಾಲ್ಲೂಕಿನಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಾಳೆಯೇ. ಐಸಿಯುನಿಂದ ಬಂದ ನಾನು ‘ಇಲ್ಲೇನಿದೆ, ಬರೀ ಜ್ವರದ ಮಾತ್ರೆ’ ಅಂದುಕೊಂಡಿದ್ದೆ. ಎರಡನೇ ವಾರ ರಾತ್ರಿ ಹನ್ನೊಂದಕ್ಕೆ ಉಸಿರು ಕಟ್ಟಿದ ಕೂಸು ಬಂತು. ಆಕ್ಸಿಜನ್ ಸಿಲಿಂಡರ್ ತುಂಬಿತ್ತು, ಅದನ್ನು ತೆಗೆಯುವ ಚಾವಿ ಇರಲಿಲ್ಲ. ಹಗಲು ಯಾರೋ ಒಯ್ದು ಇನ್ನೊಂದು ರೂಮಿನ ಕಿಟಕಿಯಲ್ಲಿ ಇಟ್ಟಿದ್ದರು. ಹುಡುಕಿದ್ದು ಎರಡು ನಿಮಿಷ ಇರಬಹುದು. ಕೂಸು ಉಳಿಯಿತು. ಮರುದಿನ ಆ ಚಾವಿಗೆ ದಾರ ಕಟ್ಟಿ ಸಿಲಿಂಡರ್ ಕುತ್ತಿಗೆಗೆ ಹಾಕಿದೆ. ಎಂಟು ವರ್ಷ ಅದು ಅಲ್ಲೇ ಇತ್ತು.

ಹಾಗಾಗಿ ಡ್ಯೂಟಿಗೆ ಬಂದ ತಕ್ಷಣ, ಚಹಾಕ್ಕೂ ಮುಂಚೆ, ಇದನ್ನು ನೋಡಿ: ಸಿಲಿಂಡರ್ ಮತ್ತು ಚಾವಿ. ದೊಡ್ಡವರ, ಕೂಸಿನ ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ). ಬಾಯಿಯ ಕಫ, ಜೊಲ್ಲು ತೆಗೆಯುವ ಸಕ್ಷನ್ ಮಷೀನ್ ಎಳೆಯುತ್ತಾ. ಕೀಟನಾಶಕ ಕುಡಿದವರಿಗೆ ಕೊಡುವ ಅಟ್ರೋಪಿನ್ ಎಷ್ಟಿದೆ. ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಎಷ್ಟು ಸೀಸೆ. ಫ್ರಿಜ್ಜಿನಲ್ಲಿ ಆಕ್ಸಿಟೋಸಿನ್ (ಹೆರಿಗೆಯಾದ ಮೇಲೆ ರಕ್ತಸ್ರಾವ ತಡೆಯುವ ಇಂಜೆಕ್ಷನ್). ಟಾರ್ಚ್.

ಇಲ್ಲಿನ ಮಾತು ಕಲಿಯುವುದೂ ಕೆಲಸದ ಭಾಗ. ಮೈಸೂರು ಕಡೆಯಿಂದ ಒಬ್ಬಳು ಹೊಸದಾಗಿ ಬಂದಿದ್ದಳು, ಚುರುಕು ಹುಡುಗಿ. ಒಂದು ಸಂಜೆ ಟಂಟಂನಲ್ಲಿ ಒಬ್ಬರನ್ನು ಹಾಕಿಕೊಂಡು ಬಂದರು. “ಅಕ್ಕಾರ, ನಮ್ಮಪ್ಪ ಎಣ್ಣಿ ಕುಡದಾನ್ರೀ!” ಅಂತ ಮಗ ಅಳುತ್ತಿದ್ದ. ಅವಳು “ಎಷ್ಟು ಕುಡಿದಿದ್ದಾರೆ? ಮಲಗಿಸಿ, ಇಳಿಯುತ್ತೆ” ಅಂದಳು. ಅವಳ ಊರಿನಲ್ಲಿ ಎಣ್ಣೆ ಅಂದರೆ ಸಾರಾಯಿ. ನಮ್ಮಲ್ಲಿ ಬೆಳೆಗೆ ಹೊಡೆಯುವ ವಿಷ. ನಾನು ಒಳಗಿನಿಂದ ಓಡಿ ಬಂದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು, ಬಾಯಲ್ಲಿ ಜೊಲ್ಲು, ಬೆಳ್ಳುಳ್ಳಿಯಂಥ ವಾಸನೆ. ಕೈಗವಸು ಹಾಕಿಕೊಂಡು ಬಟ್ಟೆ ತೆಗೆಸಿ, ಸೋಪು ನೀರಿನಲ್ಲಿ ಮೈ ತೊಳೆಸಿ, ಎಡಮಗ್ಗಲು ಮಲಗಿಸಿ, ಬಾಯಿ ಸಕ್ಷನ್ ಮಾಡಿ, ಫೋನಿನಲ್ಲಿ ಡಾಕ್ಟರ್ ಹೇಳಿದ ಹಾಗೆ ಅಟ್ರೋಪಿನ್ ಶುರು ಮಾಡಿ 108 ಹತ್ತಿಸಿದೆವು. ಹುಬ್ಬಳ್ಳಿಯಲ್ಲಿ ಹನ್ನೊಂದು ದಿನ ಇದ್ದು ಬದುಕಿ ಬಂದ. ಆ ಹುಡುಗಿಯ ತಪ್ಪೇನಿಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ. ಅದಕ್ಕೆ ಹೊಸ ಊರಿಗೆ ಹೋದವರು ಅಲ್ಲಿನ ಆಶಾ ಕಾರ್ಯಕರ್ತೆಯ ಜೊತೆ ಒಂದು ಸಂಜೆ ಕೂತು ಮಾತು ಬರೆದುಕೊಳ್ಳಿ. ಬ್ಯಾನಿ ಅಂದರೆ ಹೆರಿಗೆ ನೋವು. ಕಾಲ್ಮಡಿ ಅಂದರೆ ಮೂತ್ರ. ‘ಜೀವ ಹೆಂಗೆಂಗೋ ಆಗ್ತೈತಿ’ ಅಂದರೆ ಗ್ಯಾಸ್ ಅಂತ ತಳ್ಳಬೇಡಿ, ಇಸಿಜಿ ತೆಗೆಯಿರಿ.

ಹಾವು ಕಡಿದು ಬಂದವರ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿರುತ್ತಾರೆ. ಗಾಬರಿಯಲ್ಲಿ ತಕ್ಷಣ ಬಿಚ್ಚಬೇಡಿ. ಮೊದಲು ಸಲೈನ್ ಲೈನ್ ಹಾಕಿ, ಔಷಧಿ ತಯಾರು ಇಟ್ಟುಕೊಂಡು ಆಮೇಲೆ ಬಿಚ್ಚಿ. ರಕ್ತ ಹೆಪ್ಪುಗಟ್ಟುತ್ತಾ ನೋಡೋಕೆ ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಪ್ಲಾಸ್ಟಿಕ್ ಟ್ಯೂಬ್ ನಡೆಯುವುದಿಲ್ಲ. ನಡುವೆ ಎತ್ತಿ ಎತ್ತಿ ನೋಡುವವರಿಗೆ ಕೈ ಮೇಲೆ ಒಂದು ಕೊಡಿ. 20 ನಿಮಿಷಕ್ಕೆ ಓರೆ ಮಾಡಿದಾಗ ನೀರಿನ ಹಾಗೆ ಹರಿದರೆ ವಿಷ ಏರಿದೆ.

ಹೆರಿಗೆಯಲ್ಲಿ ಕೂಸು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್, ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲ ಅಂತ ಖಾತ್ರಿ ಮಾಡಿಕೊಂಡು. ಬಿಪಿ ಏರಿ ಫಿಟ್ಸ್ ಬಂದ ಬಸುರಿಗೆ ಮ್ಯಾಗ್ನೀಸಿಯಂ ಸಲ್ಫೇಟ್ ಮೊದಲ ಡೋಸ್, ಒಂದೊಂದು ಪಿರ್ರೆಗೆ 5 ಗ್ರಾಂನಂತೆ ಆಳಕ್ಕೆ ಕೊಟ್ಟೇ ಕಳಿಸಬೇಕು. ಈ ಮೊದಲ ಡೋಸ್ ಕೊಡಲು ಸರಕಾರದ ಮಾರ್ಗಸೂಚಿ ನರ್ಸ್‌ಗೆ ಅಧಿಕಾರ ಕೊಟ್ಟಿದೆ. ‘ಡಾಕ್ಟರ್ ಫೋನ್ ಎತ್ತಲಿಲ್ಲ’ ಅಂತ ಬರಿಗೈಯಲ್ಲಿ ಆಂಬುಲೆನ್ಸ್ ಹತ್ತಿಸಬೇಡಿ. ಕಳಿಸುವಾಗ ಚೀಟಿಯಲ್ಲಿ ಏನು ಕೊಟ್ಟಿರಿ, ಎಷ್ಟು ಗಂಟೆಗೆ, ಬರೆಯಿರಿ. ಹೋಗುವ ಆಸ್ಪತ್ರೆಗೆ ಫೋನ್ ಮಾಡಿ.

ಪಿಎಚ್‌ಸಿ ಕೈಕೆಳಗಿನ ಉಪಕೇಂದ್ರ, ಸಬ್‌ಸೆಂಟರ್, ಇನ್ನೂ ಒಂದು ಹೆಜ್ಜೆ ದೂರ. ಸುಮಾರು 5,000 ಜನ, ಡಾಕ್ಟರ್ ಇರುವುದು ಮೊಬೈಲ್ ಪರದೆ ಮೇಲೆ. ಬಿ.ಎಸ್ಸಿ, ಜಿಎನ್‌ಎಂ ಆದವರು ಸಮುದಾಯ ಆರೋಗ್ಯ ಅಧಿಕಾರಿಯಾಗಿ ಬರುವುದು ಇಲ್ಲಿಗೇ. ಬಿಪಿ, ಶುಗರ್ ಇದ್ದವರನ್ನು ತಿಂಗಳು ತಿಂಗಳು ಹಿಡಿದು ಕೂರಿಸುವುದೇ ಮುಖ್ಯ ಕೆಲಸ. ಮಾತ್ರೆ ಕೊಡುವುದು ಸುಲಭ, ‘ಆರಾಮ ಆಗೈತಿ, ಬಿಟ್ಟೀನ್ರಿ’ ಅನ್ನುವವರನ್ನು ಮತ್ತೆ ಮಾತ್ರೆಗೆ ತರುವುದು ಕಷ್ಟ. ಗುರುವಾರ ಲಸಿಕೆ. ಐಸ್‌ಪ್ಯಾಕ್ ಫ್ರೀಜರಿನಿಂದ ತೆಗೆದು ನೇರ ಕ್ಯಾರಿಯರ್‌ಗೆ ಹಾಕಬೇಡಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬರಬೇಕು, ಅಲ್ಲಿತನಕ ಹೊರಗಿರಲಿ. ಇಲ್ಲದಿದ್ದರೆ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಚುಚ್ಚಿದ ಮೇಲೆ ಕೂಸು ಅರ್ಧ ತಾಸು ಅಲ್ಲೇ ಇರಲಿ. ತಾಯಂದಿರಿಗೆ ಹೊಲದ ಕೆಲಸ ಇರುತ್ತದೆ, ಏಳುತ್ತಾರೆ. ಅರ್ಧ ತಾಸು ಮುಗಿಯುವ ತನಕ ತಾಯಿ ಕಾರ್ಡ್ ನಿಮ್ಮ ಕೈಯಲ್ಲೇ ಇರಲಿ, ಆಗ ಹೋಗುವುದಿಲ್ಲ.

ಮನೆಗೆ ಹೋಗಿ ನೋಡಿಕೊಳ್ಳುವುದು

ಮಕ್ಕಳು ಬೆಂಗಳೂರು, ಅಮೆರಿಕ. ವಯಸ್ಸಾದವರು ಕೇಶ್ವಾಪುರ, ವಿದ್ಯಾನಗರದ ದೊಡ್ಡ ಮನೆಗಳಲ್ಲಿ. ಹನ್ನೆರಡು ತಾಸಿನ ಡ್ಯೂಟಿ. ಈ ಕೆಲಸ ಹುಬ್ಬಳ್ಳಿ, ಧಾರವಾಡದಲ್ಲಿ ಈಗ ಬೇಕಾದಷ್ಟು ಸಿಗುತ್ತದೆ. ಡಾಕ್ಟರ್ ಇಲ್ಲಿ ವಾಟ್ಸ್ಆ್ಯಪ್ ಮೆಸೇಜು.

ಮೊದಲ ದಿನವೇ ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಅಂತ ಬರೆದು ಮನೆಯವರ ಕೈಗೆ ಕೊಡಿ. ನಾನು ಕೊಡಲಿಲ್ಲ. ಮೂರನೇ ವಾರಕ್ಕೆ ಅಜ್ಜಿಯ ಮೂಗಿನ ಟ್ಯೂಬ್ ಜೊತೆಗೆ ಇಡೀ ಮನೆಯ ರೊಟ್ಟಿಯೂ ನನ್ನ ಮೇಲೆ ಬಿತ್ತು. ‘ನಮ್ಮ ಮನಿ ಮಗಳಿದ್ದಂಗ’ ಅಂದಾಗ ಖುಷಿಪಟ್ಟಿದ್ದೆ, ದಡ್ಡಿ. ನಿಮ್ಮ ಬುತ್ತಿ ನೀವು ಒಯ್ಯಿರಿ. ಕಪಾಟಿನ ಚಾವಿ ಮುಟ್ಟಬೇಡಿ. ನೂರು ಪುಟದ ಒಂದು ನೋಟ್‌ಬುಕ್ ಇಟ್ಟು ಊಟ, ಮಾತ್ರೆ, ಮೂತ್ರ, ಮಗ್ಗಲು ಬದಲಿಸಿದ ಟೈಮ್ ಬರೆಯಿರಿ. ಮಗ ವಿಡಿಯೊ ಕಾಲ್‌ನಲ್ಲಿ ಕೇಳಿದಾಗ ಪುಟ ತೋರಿಸಿ. ಟ್ಯೂಬಿನಲ್ಲಿ ಊಟ ಕೊಡುವ ಮುಂಚೆ ಅದು ಹೊಟ್ಟೆಯಲ್ಲೇ ಇದೆಯಾ ನೋಡಿ, ತಲೆ ಎತ್ತರ ಮಾಡಿ, ಕೊಟ್ಟ ಮೇಲೂ ಅರ್ಧ ತಾಸು ಹಾಗೇ ಇರಲಿ. ಯೂರಿನ್ ಬ್ಯಾಗ್ ಹಾಸಿಗೆಗಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ.

ಕಾರ್ಖಾನೆಯ ನರ್ಸ್ ಕೆಲಸ ಧಾರವಾಡ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಡೆ ಸಿಗುತ್ತದೆ. 500ಕ್ಕಿಂತ ಜಾಸ್ತಿ ಕಾರ್ಮಿಕರಿದ್ದರೆ ಆಂಬುಲೆನ್ಸ್ ರೂಮ್ (ಗಾಯವಾದವರನ್ನು ನೋಡುವ ಕೋಣೆ) ಇರಬೇಕು ಅಂತ 1948ರ ಕಾರ್ಖಾನೆಗಳ ಕಾಯ್ದೆಯಲ್ಲೇ ಬರೆದಿದ್ದರು. ನಾನು ಮಾಡಿಲ್ಲ. ಮಾಡಿದ ಗೆಳತಿ ಹೇಳುವುದು ಇಷ್ಟೇ: ಕಣ್ಣಿಗೆ ಕಿಡಿ ಬಿದ್ದವನನ್ನು ಐದು ನಿಮಿಷದಲ್ಲಿ ವಾಪಸ್ ಲೈನಿಗೆ ಕಳಿಸು ಅಂತ ಸೂಪರ್‌ವೈಸರ್ ಒತ್ತಾಯ ಮಾಡುತ್ತಾನೆ, ಅದಕ್ಕೆ ‘ಇಲ್ಲ’ ಅನ್ನುವುದೇ ಅಲ್ಲಿನ ನರ್ಸಿಂಗ್.

ಎಲ್ಲಿಗೇ ಹೋಗಲಿ, ಸೇರುವ ಮುಂಚೆ

ಹೆಪಟೈಟಿಸ್ ಬಿ ಲಸಿಕೆ 3 ಡೋಸ್ ಮುಗಿಸಿ: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಸೂಜಿ ಚುಚ್ಚಿಕೊಂಡರೆ ಬೆರಳು ಹಿಂಡಬೇಡಿ, ಬಾಯಿಗೆ ಹಾಕಬೇಡಿ. ಸೋಪು ನೀರಿನಲ್ಲಿ ತೊಳೆದು ಆಗಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಿದ್ದರೆ ಎರಡು ತಾಸಿನೊಳಗೆ ಶುರುವಾದರೆ ಒಳ್ಳೆಯದು, 72 ತಾಸು ದಾಟಿದರೆ ಪ್ರಯೋಜನ ಇಲ್ಲ. ಬೈಯುತ್ತಾರೆ ಅಂತ ಮುಚ್ಚಿಡುವ ಹುಡುಗಿಯರನ್ನು ಪ್ರತಿ ವರ್ಷ ನೋಡುತ್ತೇನೆ.

ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರ, ಅಂಕಪಟ್ಟಿ ಎಲ್ಲದರ ಜೆರಾಕ್ಸ್ ಮೂರು ಸೆಟ್ ಮಾಡಿಸಿ. ಮೂಲ ಪತ್ರ ಯಾರಿಗೂ ಕೊಡಬೇಡಿ. ನನ್ನ ಮೊದಲ ಕೆಲಸದಲ್ಲಿ ‘ಲಾಕರ್‌ನಲ್ಲಿ ಇಡ್ತೀವಿ’ ಅಂತ ಇಸಿದುಕೊಂಡರು. ಬಿಡುತ್ತೇನೆ ಅಂದಾಗ ಕೊಡಲಿಲ್ಲ. ಗದಗಿನಿಂದ ಹುಬ್ಬಳ್ಳಿಗೆ ಅಪ್ಪನನ್ನು ಕರಕೊಂಡು ಏಳು ಸಲ ತಿರುಗಿದೆ. ಆ ನಡುವೆ ಒಂದು ಸರಕಾರಿ ಅರ್ಜಿಯ ದಿನ ಮುಗಿದೇ ಹೋಯಿತು. ತಂಗಿಯ ಮಗಳಿಗೆ ಪ್ಲಾಸ್ಟಿಕ್ ಫೈಲ್ ಕೊಡಿಸಿದ್ದೇನೆ. ಸಂದರ್ಶನದಲ್ಲಿ ಫೈಲ್ ತೆರೆದು ತೋರಿಸು, ಅವರು ನೋಡಿದ ಮೇಲೆ ಅವರ ಮುಂದೆಯೇ ಮುಚ್ಚಿ ಬ್ಯಾಗಿಗೆ ಹಾಕಿಕೋ ಅಂದಿದ್ದೇನೆ.